ಬಲಬದಿಯ ಮುಂದಿನ ಗಾಲಿ

ಅಣವೀರ,

ನಾನು ವಿಕ್ರೋಳಿಗೆ ಫಸ್ಟ್ ಶಿಫ್ಟಿಗೆ ಹೊರಟೆ. ನೀನು ಎದ್ದ ಮೇಲೆ ಅಪ್ಪನಿಗೆ ಗಂಜಿ ಕುಡಿಸಿ, ಅವರನ್ನು ನೋಡಿಕೊಳ್ಳಲು ಪಕ್ಕದ ಮನೆಯ ಗುರುಬಾಯಿಗೆ ಹೇಳಿ, ಕುರ್ಲಾಕ್ಕೆ ಹೋಗಿ ಟೈರು ತಾ. ಹಿಲ್ಮನ್ ಕಾರಿನ ಟೈರಿನ ಅಳತೆ ಈ ಚೀಟಿಯ ಹಿಂದೆ ಬರೆದಿದ್ದೇನೆ.

ನಾಲ್ಕೂ ಹೊಸದು ತರುವ ತಾಕತ್ತು ನಮಗಿಲ್ಲ. ಮೂರು ಸವೆದವೇ ಇರಲಿ, ಗಾಳಿ ನಿಂತರೆ ಆಯಿತು. ಓಡಬೇಕಾದ ಗಾಡಿಯಲ್ಲ ಅದು. ಒಂದನ್ನು ಮಾತ್ರ ಮೇಲೆ ಹೊಸ ರಬ್ಬರ್ ಕೂರಿಸಿ ರಿಸೋಲ್ ಮಾಡಿದ್ದು ನೋಡಿ ತಾ, ಬಲಬದಿಯ ಮುಂದಿನ ಗಾಲಿಗೆ ಹಾಕಿಸು. ರವಿವಾರ ಸ್ಟೀರಿಂಗ್ ಮುಂದೆ ಕೂರಿಸಲು ಎತ್ತಿಕೊಂಡು ಹೋದಾಗ ಅಪ್ಪ ಆ ಒಂದನ್ನೇ ಮುಟ್ಟಿ ನೋಡುತ್ತಾರೆ. ಲಕ್ವಾ ಹೊಡೆದ ಮೇಲೂ ಅವರ ಹೆಬ್ಬೆರಳಿಗೆ ಎಲ್ಲ ಗೊತ್ತಾಗುತ್ತದೆ.

ಗಾಡಿಯನ್ನು ಗುಜರಿಗೆ ತೂಕಕ್ಕೆ ಮಾರಿಬಿಡೋಣ ಅಂತ ಇನ್ನೊಮ್ಮೆ ಅವರ ಮುಂದೆ ಬಾಯಿ ಬಿಡಬೇಡ. ಇಪ್ಪತ್ತೆರಡು ವರ್ಷದ ಡ್ರೈವರ್ ಕೆಲಸಕ್ಕೆ ಸೇಟ್ ಕೊಟ್ಟು ಹೋದದ್ದು ಅದೊಂದೇ.

ನಿನ್ನೆ ನಾನು, "ಟೈರ್ ಬಂದ್ವು ಅಂದ್ರ ಊರಿಗೆ ಹೋಗೂಣು, ಅಪ್ಪಾ," ಎಂದೆ. ಖುಷಿಯಾಗುತ್ತಾರೆ ಅಂದುಕೊಂಡಿದ್ದೆ.

"ಸುಳ್ಳ್ಯಾಕ ಹೇಳ್ತೀ, ನಾಗವ್ವಾ? ಎಲ್ಲಿಗೂ ಹೋಗಂಗಿಲ್ಲ ಅಂತ ನನಗ ಗೊತ್ತದ. ನಾ ಹಾಸಿಗಿ ಹಿಡದದ್ದು ಸಾಕು. ಅದಾದ್ರೂ ತನ್ನ ಗಾಲಿ ಮ್ಯಾಲ ನಿಂದರಲಿ," ಅಂದರು.

ಗಾಳಿ ತುಂಬುವಾಗ ಅವರನ್ನು ಕಿಟಕಿಯ ಹತ್ತಿರ ಕೂರಿಸು. ಗಾಡಿ ಮೇಲೇಳುವುದನ್ನು ನೋಡಲಿ.

ಅಕ್ಕ