ಬಸ್ಸು ನಿಲ್ಲಿಸಿದ್ದು ತಾಯಿ ಕರುಳಲ್ಲ

ಮಾನ್ಯ ಸುದ್ದಿ ಸಂಪಾದಕರೇ,

ಬ್ರೇಕು ಕೈಕೊಟ್ಟ ಬಸ್ಸನ್ನು ಇಳಿಜಾರಿನಲ್ಲಿ ನಿಲ್ಲಿಸಿ ನಮ್ಮೆಲ್ಲರ ಜೀವ ಉಳಿಸಿದ ಚಾಲಕರೊಬ್ಬರ ಕೆಲಸಕ್ಕೆ ನಿಮ್ಮ ಪತ್ರಿಕೆ ಎರಡೇ ದಿನಗಳಲ್ಲಿ ಸಂಚಕಾರ ತಂದಿದೆ. ಮೊದಲ ದಿನ ಬೈದು, ಮರುದಿನ ಹೊಗಳಿ. ಬೈಗುಳವನ್ನಾದರೂ ಸಹಿಸಿಕೊಳ್ಳಬಹುದಿತ್ತು.

ನಾನು ತೊಂಗ್‌ಯಂಗ್ ಬಂದರಿನ ಮಾರುಕಟ್ಟೆಯಲ್ಲಿ ಮೀನು ಮಾರುವವಳು. ನಿಮ್ಮ ಪತ್ರಿಕೆಯಲ್ಲೇ ಒಣಮೀನು ಸುತ್ತಿಕೊಡುತ್ತೇನೆ, ಸುತ್ತುವ ಮೊದಲು ಓದುತ್ತೇನೆ. ಹಾಗಾಗಿ ನಿಮ್ಮ ಪದ್ಧತಿ ನನಗೆ ಚೆನ್ನಾಗಿ ಗೊತ್ತು. ಗಂಡಸಾದರೆ ಹೆಸರಿನ ಮುಂದೆ ಕಂಸದಲ್ಲಿ ವಯಸ್ಸು ಮಾತ್ರ. ಹೆಂಗಸಾದರೆ ವಯಸ್ಸಿನ ಪಕ್ಕ ‘ಹೆಣ್ಣು’ ಎಂದೂ ಇರಬೇಕು. ಗಂಡಸು ಮನುಷ್ಯ, ಅದನ್ನು ಬೇರೆ ಹೇಳಬೇಕೇ? ಕಳೆದ ವಸಂತದಲ್ಲಿ ಇದೇ ಇಳಿಜಾರಿನಲ್ಲಿ ಇನ್ನೊಂದು ಬಸ್ಸು ಮರಕ್ಕೆ ಗುದ್ದಿದಾಗ ನೀವು ಬರೆದದ್ದು ‘ಜಾರುವ ರಸ್ತೆ, ಬಸ್ಸಿಗೆ ಹಾನಿ’. ಆ ಚಾಲಕರಿಗೆ ಮೀಸೆಯಿತ್ತೆಂದು ಎಲ್ಲಿಯೂ ಬರೆಯಲಿಲ್ಲ. ಈ ಸಲ ಮಾತ್ರ ಶೀರ್ಷಿಕೆಯಲ್ಲೇ ‘ಮಹಿಳಾ ಚಾಲಕಿಯ ಬಸ್ಸು ಗುಡ್ಡಕ್ಕೆ ಡಿಕ್ಕಿ’. ಬ್ರೇಕಿನ ವಿಷಯ ಕೊನೆಯ ಸಾಲಿನಲ್ಲಿ ಮೂಲೆ ಸೇರಿತ್ತು.

ಆ ಬಸ್ಸಿನಲ್ಲಿ ಚಾಲಕರ ಹಿಂದಿನ ಸೀಟಿನಲ್ಲೇ ನಾನಿದ್ದೆ. ಚಾಲಕರ ಹೆಸರು ಸೊಕ್ ಮಿರ್ಯೊಂಗ್. ವರ್ಷಗಟ್ಟಲೆ ಆ ಗುಡ್ಡದ ದಾರಿಯಲ್ಲೇ ಬಸ್ಸು ಓಡಿಸಿದವರು. ಬ್ರೇಕು ಹೋಗಿದೆ ಎಂದು ತಿಳಿದ ಕೂಡಲೇ ಆಕೆ ಕೂಗಾಡಲಿಲ್ಲ. ಗೇರನ್ನು ಒಂದೊಂದಾಗಿ ಇಳಿಸುತ್ತಾ ಕನ್ನಡಿಯಲ್ಲಿ ನನ್ನನ್ನು ನೋಡಿ, “ಚಿಕ್ಕಮ್ಮಾ, ಬುಟ್ಟಿ ಬಿಡಿ, ಕಂಬಿ ಹಿಡೀರಿ. ಎಲ್ರೂ ಕಂಬಿ ಹಿಡೀರಿ,” ಎಂದರು. ಆಮೇಲೆ ಬಸ್ಸಿನ ಪಕ್ಕೆಯನ್ನು ಗುಡ್ಡಕ್ಕೆ ಉಜ್ಜುತ್ತಾ ಉಜ್ಜುತ್ತಾ ವೇಗ ಕೊಂದರು. ಆಚೆ ಬದಿಗೆ ಪ್ರಪಾತ, ಕೆಳಗೆ ಸಮುದ್ರ. ಬುಟ್ಟಿಯ ಮೀನೆಲ್ಲ ಚೆಲ್ಲಾಪಿಲ್ಲಿಯಾಯಿತು, ಒಬ್ಬರಿಗೂ ಗಾಯವಾಗಲಿಲ್ಲ.

ಆಕೆ ಬೇಕೆಂದೇ ಗುಡ್ಡಕ್ಕೆ ಉಜ್ಜಿ ನಿಲ್ಲಿಸಿದ್ದೆಂದು ಬಸ್ಸಿನ ಕ್ಯಾಮೆರಾ ನಿಜ ಹೇಳಿದ ಮೇಲೆ ನಿಮ್ಮ ವರದಿಗಾರ ನನ್ನ ಅಂಗಡಿಗೆ ಬಂದ. ನಾನು ಗೇರಿನ ವಿಷಯ, ಗುಡ್ಡಕ್ಕೆ ಉಜ್ಜಿದ ವಿಷಯ ಎಲ್ಲ ಹೇಳಿದೆ. ಅವನ ಪೆನ್ನು ಅಲ್ಲಾಡಲಿಲ್ಲ. ಕೊನೆಗೆ, ಆಕೆಗೆ ಮಕ್ಕಳೆಷ್ಟು ಎಂದು ಕೇಳಿದ.

“ಮಕ್ಕಳಿಲ್ಲಪ್ಪ. ಮದ್ವೇನೇ ಆಗಿಲ್ಲ.”

“ಆದ್ರೂ ಹೆಂಗಸಲ್ವಾ? ಒಳಗೊಬ್ಬಳು ತಾಯಿ ಇದ್ದೇ ಇರ್ತಾಳೆ,” ಎಂದು ಸಮಾಧಾನ ಹೇಳಿದ. ಮರುದಿನ ನಿಮ್ಮ ಮುಖಪುಟದಲ್ಲಿ ‘ಪ್ರಯಾಣಿಕರನ್ನು ಕಾಪಾಡಿದ ತಾಯಿ ಕರುಳು’!

ಸ್ವಾಮಿ, ಕರುಳಿನಿಂದ ಗೇರು ಇಳಿಸಲು ಬರುತ್ತದೆಯೇ? ಹಾಗಿದ್ದರೆ ನಾಲ್ಕು ಹೆತ್ತ ನನಗೇ ಸ್ಟೀರಿಂಗ್ ಕೊಡಬಹುದಿತ್ತಲ್ಲ? ತಪ್ಪೆನಿಸಿದಾಗ ಅದು ಹೆಣ್ಣಿನ ತಪ್ಪು. ಸರಿಯೆಂದು ಗೊತ್ತಾದಾಗ ಅದು ತಾಯಿಯ ಪುಣ್ಯ. ಇಷ್ಟು ವರ್ಷ ಆಕೆ ಕಲಿತ ಕಸುಬು ಎಲ್ಲಿ ಹೋಯಿತು? ನನಗೆ ಮೈ ಉರಿಯುತ್ತಿದೆ.

ಈಗ ಬಸ್ ನಿಲ್ದಾಣದಲ್ಲಿ ಜನ ಹತ್ತುವ ಮೊದಲು ಇಣುಕಿ, ಓಡಿಸುವವರು ಗಂಡಸೇ ತಾನೇ ಎಂದು ಕೇಳುತ್ತಾರೆ. ಬಸ್ ಕಂಪನಿಯ ಮ್ಯಾನೇಜರ್ ಮಿರ್ಯೊಂಗ್ ಅವರನ್ನು ಕರೆಸಿ, ನಿಮ್ಮ ಎರಡೂ ವರದಿಗಳನ್ನು ಮೇಜಿನ ಮೇಲಿಟ್ಟು, “ಜನ ಹೆದರ್ತಾರಮ್ಮ. ನಿಮ್ದೂ ತಾಯಿ ಮನಸ್ಸು, ಊರೊಳಗಿನ ಸಣ್ಣ ಬಸ್ಸು ಓಡಿಸ್ಕೊಂಡು ಹಾಯಾಗಿರಿ,” ಎಂದರಂತೆ. ಬರುವ ಸೋಮವಾರ ಅದು ತೀರ್ಮಾನವಾಗಲಿದೆ. ಮಿರ್ಯೊಂಗ್ ನನ್ನ ಅಂಗಡಿಯಲ್ಲಿ ಕುಳಿತು ಬಿಸಿ ಸಾರನ್ನು ಆರಲು ಬಿಟ್ಟು, “ಚಿಕ್ಕಮ್ಮಾ, ಆ ದಾರಿಯ ಒಂದೊಂದು ತಿರುವೂ ನಂಗೊತ್ತು,” ಎಂದಷ್ಟೇ ಹೇಳಿದರು. ನನಗೆ ಕಣ್ಣೀರು ಬಂತು.

ನನ್ನ ಬೇಡಿಕೆ ಸಣ್ಣದು. ಸೋಮವಾರಕ್ಕೆ ಮೊದಲು ಅದೇ ಮುಖಪುಟದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಹೀಗೆ ಅಚ್ಚು ಹಾಕಿ: ‘ಬ್ರೇಕು ವಿಫಲ. ಚಾಲಕ ಸೊಕ್ ಮಿರ್ಯೊಂಗ್ (೪೭) ಅವರ ಪರಿಣತಿಯಿಂದ ಎಲ್ಲರೂ ಸುರಕ್ಷಿತ.’ ಕಂಸದಲ್ಲಿ ವಯಸ್ಸು ಸಾಕು.

ಅಂದು ಆಕೆ ಕಂಬಿ ಹಿಡಿಯಿರಿ ಎಂದಾಗ ಬಸ್ಸಿನಲ್ಲಿದ್ದ ಗಂಡಸರೆಲ್ಲ ತೆಪ್ಪಗೆ ಹಿಡಿದರು. ಹೇಳಿದವರು ಗಂಡಸೋ ಹೆಂಗಸೋ ಎಂದು ಒಬ್ಬರೂ ಕೇಳಲಿಲ್ಲ.

ಇಂತಿ,
ಬದುಕಿ ಉಳಿದ ಪ್ರಯಾಣಿಕರಲ್ಲಿ ಒಬ್ಬಳು,
ಚು ಗಪ್‌ಸುನ್ (೬೮, ಇನ್ನೇನು ಸೇರಿಸಬೇಕೆಂಬುದು ನಿಮಗೇ ಗೊತ್ತು)