ಗೆರೆಯ ಮೇಲೆ ಬಿದ್ದ ಚೆಂಡು

ಜನವರಿ 14, 1989

ಬೆಳಿಗ್ಗೆ ಐದೂವರೆ ರೈಲಿಗೆ ಅಪ್ಪನ ಜೊತೆ ಬಂಗಾರಪೇಟೆಯಿಂದ ಊರಿಗಾಂ ಟೆನಿಸ್ ಕ್ಲಬ್ಬಿಗೆ. ಕ್ಲಬ್ಬಿನವರು ಬರುವ ಮೊದಲು ಒಂದು ಗಂಟೆ ಕೋರ್ಟು ನಮ್ಮದು. ಅಪ್ಪ ಅಲ್ಲಿ ಮಾರ್ಕರ್. ಮಣ್ಣಿಗೆ ನೀರು ಚಿಮುಕಿಸಿ, ರೋಲರ್ ಎಳೆದು, ಸುಣ್ಣದ ಗೆರೆ ಹಾಕುವವರು. ಇಪ್ಪತ್ತಾರು ವರ್ಷದಿಂದ. ನನಗೆ ಟೆನಿಸ್ ಕಲಿಸಿದ್ದೂ ಅವರೇ. ಇವತ್ತು ನೂರು ಸರ್ವ್. ಭುಜ ಉರಿ.

ಮುಂದಿನ ಶನಿವಾರ ಬೆಂಗಳೂರಿನಲ್ಲಿ ಕ್ವಾಲಿಫೈಯಿಂಗ್. ಗೆದ್ದರೆ ಸೋಮವಾರದಿಂದ ದೊಡ್ಡ ಟೂರ್ನಮೆಂಟು. ಕ್ಲಬ್ ಸೆಕ್ರೆಟರಿ ಹೇಳಿದ್ದಾರೆ: "ಗೆದ್ದು ಬಾ ಗಂಗರತ್ನಾ, ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಗ್ಯಾರಂಟಿ."

ಜನವರಿ 19

ಡ್ರಾ ಬಂತು. ಎದುರಾಳಿ ಸೊಲಾಂಜ್ ವೆರ್ನೊ. ಫ್ರಾನ್ಸಿನವಳು. ಹತ್ತೊಂಬತ್ತು, ನನ್ನದೇ ವಯಸ್ಸು. ಎರಡು ವರ್ಷದ ಹಿಂದೆ ಯಾವ ಸ್ಪೋರ್ಟ್ಸ್ ಪತ್ರಿಕೆ ತೆಗೆದರೂ ಅವಳದೇ ಫೋಟೋ. ಆಮೇಲೆ ಮಂಡಿ ಆಪರೇಷನ್. ಈಗ ಮತ್ತೆ ತಳದಿಂದ ಹತ್ತುತ್ತಿದ್ದಾಳೆ...

ಅಪ್ಪನಿಗೆ ಅವಳ ಫೋಟೋ ತೋರಿಸಿದೆ.

"ಅವ್ಳಿಗೂ ಎಲ್ಡೇ ಕೈ ಕಣಮ್ಮಾ," ಅಂದರು ಅಪ್ಪ.

ಜನವರಿ 21, ಸಂಜೆ

ಗೆದ್ದೆ. 6–4, 3–6, 7–5.

ಬರೆಯಲು ಆಗುತ್ತಿಲ್ಲ.

ಜನವರಿ 22

ಪೇಪರಿನಲ್ಲಿ ನನ್ನ ಫೋಟೋ. ಪಕ್ಕದ ಮನೆ ಪಾಪಕ್ಕ ಆರತಿ ಎತ್ತಿದಳು. ಕ್ಲಬ್ಬಿನಲ್ಲಿ ಸನ್ಮಾನ. ಅಪ್ಪನಿಗೆ ಅಲ್ಲಿ ಕುರ್ಚಿ ಹಾಕಿದ್ದು ಇದೇ ಮೊದಲು. ಅಪ್ಪ ಕೂರಲಿಲ್ಲ.

ಬರೆದೇಬಿಡುತ್ತೇನೆ. ಕ್ವಾಲಿಫೈಯಿಂಗ್‌ನಲ್ಲಿ ಲೈನ್ ಅಂಪೈರ್ ಇಲ್ಲ. ನಮ್ಮ ಕಡೆ ಬಿದ್ದ ಬಾಲನ್ನು ನಾವೇ ಇನ್, ಔಟ್ ಅನ್ನಬೇಕು. ನನಗೆ ಮ್ಯಾಚ್ ಪಾಯಿಂಟ್, ಇನ್ನೊಂದೇ ಪಾಯಿಂಟಿಗೆ ಗೆಲುವು. ಅವಳ ಹೊಡೆತ ಮೂಲೆಗೆ ಬಂತು, ಗೆರೆ ಮೇಲೇ. ಸುಣ್ಣ ಎದ್ದಿದ್ದು ಕಂಡೆ. "ಔಟ್" ಅಂದೆ. ಗುರುತು ನೋಡಲು ಅವಳು ಬರುವಷ್ಟರಲ್ಲಿ ಶೂನಿಂದ ಅಳಿಸಿಬಿಟ್ಟಿದ್ದೆ. ಅವಳು ನನ್ನ ಮುಖ ನೋಡಲಿಲ್ಲ. ಶೂ ನೋಡಿದಳು. ಕೈ ಕುಲುಕಿ ಹೋದಳು. ಬೇಲಿಯಾಚೆ ಅಪ್ಪ ನಿಂತಿದ್ದರು.

ಸನ್ಮಾನ ಮುಗಿಸಿ ಬರುವಾಗ ಅಪ್ಪ ಕೇಳಿದರು:

"ಬಾಲು ಗೆರೆ ಮ್ಯಾಲೇ ಬಿತ್ತಲ್ವೇನಮ್ಮಾ?"

"ಊಂ."

"ಗೊತ್ತಿದ್ದೂ ಅಳಿಸ್ದಾ?"

"ಕೆಲ್ಸ ಸಿಗ್ತದಲ್ಲಪ್ಪಾ..."

ಬೈಯಲಿಲ್ಲ. ಸ್ಟೇಷನ್ನಿನಲ್ಲಿ ಎರಡು ಟಿಕೆಟ್ ತೆಗೆದರು. ಆಮೇಲೆ: "ನಾನ್ ಯಾರ್ಗೂ ಏಳಲ್ಲ. ಏಳೋದು ಬಿಡೋದು ನಿಂದು."

ಬೈದಿದ್ದರೆ ಚೆನ್ನಾಗಿತ್ತು.

ಜನವರಿ 23, ಬೆಳಿಗ್ಗೆ 9

ಬೆಂಗಳೂರು. ರೆಫರಿ ಕೋಣೆಯ ಮುಂದೆ ಬೆಂಚಿನ ಮೇಲೆ. ಅಪ್ಪ ಆಚೆ ಮರದ ಕೆಳಗೆ. ಕರೆದರು—

ಅದೇ ದಿನ ಸಂಜೆ, ರೈಲಿನಲ್ಲಿ

ಹೇಳಿದೆ. ರೆಫರಿ ಡ್ರಾ ಪಟ್ಟಿ ತೆಗೆದು ನೋಡಿದರು. "ರಿಸಲ್ಟ್ ಬದಲಾಗಲ್ಲಮ್ಮ. ನೀನು ಹಿಂದೆ ಸರಿದರೆ ನಿನ್ನ ಜಾಗ ಸೋತವರ ಪಟ್ಟಿಯಲ್ಲಿ ಮೊದಲಿರುವವರಿಗೆ. ಅಲ್ಲಿ ಅವಳ ಹೆಸರೇ ಇದೆ." ಹಿಂದೆ ಸರಿಯುವ ಕಾಗದಕ್ಕೆ ಸಹಿ ಹಾಕಿದೆ.

ಸೊಲಾಂಜ್‌ಳನ್ನು ಕರೆಸಿದರು. ತಬ್ಬಲಿಲ್ಲ, ಥ್ಯಾಂಕ್ಸ್ ಅನ್ನಲಿಲ್ಲ. "ಅಷ್ಟು ಚೆನ್ನಾಗಿ ಆಡಿದೆ. ಯಾಕೆ ಹಾಗೆ ಮಾಡಿದೆ?" ಇಂಗ್ಲಿಷಿನಲ್ಲಿ, ತಡವರಿಸುತ್ತ.

ಮಧ್ಯಾಹ್ನ ಅವಳ ಮ್ಯಾಚ್ ನೋಡಿದೆವು. ಗೆದ್ದಳು. ಕಾಲೇಜು ಹುಡುಗಿಯರು ಆಟೋಗ್ರಾಫ್‌ಗೆ ಮುತ್ತಿದರು. ಹೊಟ್ಟೆ ಉರಿಯಿತು. ಇಲ್ಲ ಅಂದರೆ ಸುಳ್ಳು.

ಬಂಗಾರಪೇಟೆ ಬರುತ್ತಿದೆ. ಪ್ಲಾಟ್‌ಫಾರ್ಮಿನಲ್ಲಿ ತಮಟೆ. ಸೆಕ್ರೆಟರಿ ನಿಂತಿದ್ದಾರೆ, ಪಾಪಕ್ಕನ ಕೈಯಲ್ಲಿ ಹಾರ. ಪಾಪ, ಇವತ್ತೂ ಆಡಿ ಗೆದ್ದೆ ಅಂದುಕೊಂಡಿದ್ದಾರೆ, ಯಾರಿಗೂ ಗೊತ್ತಿಲ್ಲ.

"ನಾನೇಳ್ಲಾ ಅವ್ರ್ಗೆ?" ಅಂದರು ಅಪ್ಪ. ಬೇಡ ಅಂದೆ.

ನಾನೇ ಮೊದಲು ಇಳಿಯಬೇಕು. ಹಾರ ಹಾಕುವುದರೊಳಗೆ—