ಕರಗದೆ ಉಳಿದದ್ದು

ಮಾರ್ಚ್ 3, ಬೆಳಿಗ್ಗೆ
ಫೊರೆನ್ಸಿಕ್ ಲ್ಯಾಬಿನ ಮಷಿನ್ ಮತ್ತೆ ಮುನಿಸಿಕೊಂಡಿದೆ. ರಿಪೇರಿಯವನು ನಾಳೆ ಬರುತ್ತಾನಂತೆ — ಅವನ ನಾಳೆಗೆ ಕೊನೆಮೊದಲಿಲ್ಲ. ಸೊಂಟ ನೋವು. ಹೊಸ ಕೇಸು: ಈಜು ಕಲಿಸುತ್ತಿದ್ದ ಹೆಂಗಸು, ಮೂವತ್ತರ ಆಸುಪಾಸು. ಡಿಪ್ರೆಶನ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಹಾಸಿಗೆಯಲ್ಲೇ ಹೋಗಿದ್ದಾಳೆ. ಪೊಲೀಸರು ಆಗಲೇ ಆತ್ಮಹತ್ಯೆ ಎಂದು ತೀರ್ಮಾನಿಸಿದ್ದಾರೆ. ನಾವು ಮುದ್ರೆ ಒತ್ತಿದರಾಯಿತು.

ಮಾರ್ಚ್ 6
ಹೃದಯದ ರಕ್ತದಲ್ಲಿ ಔಷಧಿ ವಿಪರೀತ. ಸಾಹೇಬರು ಇಣುಕಿದರು. "ಮುಗೀತಲ್ಲ, ರಿಪೋರ್ಟ್ ಕಳಿಸ್ಬಿಡಿ."
ಸತ್ತ ಮೇಲೆ ಅಕ್ಕಪಕ್ಕದ ಅಂಗಗಳಿಂದ ಔಷಧಿ ಜಿನುಗಿ ಅಲ್ಲಿಗೇ ಸೇರುತ್ತದೆ. ಅದನ್ನು ನಂಬುವಂತಿಲ್ಲ. ತೊಡೆಯ ರಕ್ತವನ್ನೂ ನೋಡುತ್ತೇನೆ ಎಂದೆ.
"ನಿಮಗೆ ಬೇರೆ ಕೆಲ್ಸ ಇಲ್ವೇನ್ರೀ?"
ಇದೆ. ಬೆಟ್ಟದಷ್ಟಿದೆ.

ಮಾರ್ಚ್ 7
ಸತ್ತವಳ ತಾಯಿ ಕಾರಿಡಾರಿನಲ್ಲಿ ಕೂತಿದ್ದರು. ಒಳಗೆ ಬಿಡುವಂತಿಲ್ಲ. ಹೊರಗೆ ಕಳಿಸಲು ಮನಸ್ಸು ಬರಲಿಲ್ಲ.
"ಹಿಂದಿನ ದಿನ ಬೈದಿದ್ದೆ ಕಣಮ್ಮಾ. ತಲೆ ಸುತ್ತುತ್ತೆ, ಎದೆ ಡವಡವ ಅಂತಿದೆ ಅಂದ್ಲು. ನಾಟ್ಕ ಸಾಕು, ಎದ್ದೇಳು ಅಂದೆ. ನನ್ ಮಾತಿಗೇ ಹೋಗ್ಬಿಟ್ಳಾ?"
ನೀರು ಕೊಟ್ಟೆ.

ಮಾರ್ಚ್ 11
ತೊಡೆಯ ರಕ್ತದಲ್ಲೂ ಸಾಯುವಷ್ಟಿದೆ. ಆದರೆ ಹೊಟ್ಟೆಯಲ್ಲಿ ಮಾತ್ರೆಯ ಸುಳಿವಿಲ್ಲ. ಲಿವರ್ ಔಷಧಿಯನ್ನು ಒಡೆದಾಗ ಹುಟ್ಟಬೇಕಾದ ಪದಾರ್ಥವೂ ಇಲ್ಲವೆನ್ನುವಷ್ಟು ಕಡಿಮೆ. ಡಾಕ್ಟರು ಹೇಳಿದಷ್ಟೇ ನುಂಗಿ, ಅದು ಕರಗದೆ ಮೈಯಲ್ಲೇ ಕೂಡುತ್ತ ಹೋಯಿತೇ? ಜೀನ್ ಟೆಸ್ಟ್ ಕೇಳಿದೆ. ಸಾಹೇಬರು ಗೊಣಗಿಕೊಂಡೇ ಸೈನ್ ಮಾಡಿದರು. "ಇಲಿಗೋಸ್ಕರ ಬೆಟ್ಟ ಅಗೀರಿ."

ಮಾರ್ಚ್ 29, ಮಧ್ಯಾಹ್ನ
ಬಂತು. ಆ ಔಷಧಿಯನ್ನು ಒಡೆಯುವ ಶಕ್ತಿ ಅವಳ ಲಿವರಿಗೆ ಹುಟ್ಟಿನಿಂದಲೇ ಇರಲಿಲ್ಲ. ಆತ್ಮಹತ್ಯೆಯಲ್ಲ.
ಸಾಹೇಬರು ಕನ್ನಡಕ ತೆಗೆದರು. "ಹುಟ್ಟಿನಿಂದ ಅಂದ್ರೆ... ಒಡಹುಟ್ಟಿದವರಿಗೂ ಇರಬಹುದಲ್ವಾ? ರೂಲ್ಸು ನಾನ್ ನೋಡ್ಕೋತೀನಿ. ಅವ್ರ ಮನೆಗೆ ಫೋನ್ ಮಾಡಿ."

ಅದೇ ದಿನ, ಸಂಜೆ
ತಾಯಿಗೆ ಫೋನಿನಲ್ಲಿ ಹೇಳಿದೆ.
"ಬೇಕೂಂತ ಹೋಗಿದ್ದಲ್ಲ?"
"ಅಲ್ಲಮ್ಮ."
ಅತ್ತರು. ಆಮೇಲೆ ಮೆಲ್ಲಗೆ, "ಹಾಗಾದ್ರೆ ಆ ತಲೆಸುತ್ತು... ನಾಟ್ಕ ಆಗಿರ್ಲಿಲ್ಲ."
ಒಂದು ಗಾಯ ಮುಚ್ಚಲು ಹೋಗಿ ಇನ್ನೊಂದನ್ನು ಬಿಚ್ಚಿದೆ. ಆದರೂ ಕೇಳಲೇಬೇಕಿತ್ತು — ಮನೆಯಲ್ಲಿ ಬೇರೆ ಯಾರಾದರೂ ಆ ಮಾತ್ರೆ...
"ಚಿಕ್ಕವಳು. ಅಕ್ಕ ಹೋದ್ಮೇಲೆ ಅವಳಿಗೂ ಅದನ್ನೇ ಬರೆದುಕೊಟ್ಟಿದ್ದಾರೆ. ಬೆಳಿಗ್ಗೆಯಿಂದ ತಲೆ ಸುತ್ತು ಅಂತ ಮಲಗಿದಾಳೆ."
"ಎಬ್ಬಿಸಿ. ಈಗ್ಲೇ ಆಸ್ಪತ್ರೆಗೆ ಕರ್ಕೊಂಡ್ಹೋಗಿ."
"ಈ ಸಲ ನಂಬ್ತೀನಮ್ಮಾ," ಎಂದರು. ಫೋನ್ ಇಡಲೂ ಇಲ್ಲ. ಓಡಿದ ಸದ್ದು ಕೇಳಿಸಿತು.

ಮಾರ್ಚ್ 30
ಚಿಕ್ಕವಳು ಬದುಕಿದ್ದಾಳೆ. ಹೃದಯದ ಬಡಿತ ತಪ್ಪಿತ್ತಂತೆ, ಈಗ ಹದಕ್ಕೆ ಬರುತ್ತಿದೆ. ಪಕ್ಕದ ಆಸ್ಪತ್ರೆಯಲ್ಲಿ ಔಷಧಿ ಅಳೆಯುವ ಟೆಸ್ಟ್ ಇಲ್ಲವೆಂದು ಆಗಷ್ಟೇ ತೆಗೆದ ರಕ್ತವನ್ನು ನಮ್ಮಲ್ಲಿಗೇ ಕಳಿಸಿದರು. ನಿದ್ದೆಯಿಲ್ಲದ ಕಣ್ಣು, ಲೇಬಲ್ ಓದಲು ಬಾಟಲಿ ಎತ್ತಿಕೊಂಡೆ. ಬೆಚ್ಚಗಿತ್ತು. ಇಷ್ಟು ವರ್ಷದಲ್ಲಿ ನನ್ನ ಕೈಗೆ ಬಂದ ರಕ್ತ ಯಾವತ್ತೂ ಬೆಚ್ಚಗಿರಲಿಲ್ಲ.